ರೋಡಿಲ್ಲ, ದಾರಿ ಐತೆ

ರಸ್ತೆಗಳ ಕೊನೆಯನ್ನು ನೋಡಿ ಬರುವುದು ಆಗ ನನ್ನ ಕೆಲಸವಾಗಿತ್ತು. ಕೇಳಿದವರಿಗೆ ಹಾಗೇ ಹೇಳಿದರೆ ನಗುತ್ತಿದ್ದರು. ಅದಕ್ಕೇ ‘ಸರ್ವೆ’ ಅಂತ ಒಂದು ಮಾತಿನಲ್ಲಿ ಮುಗಿಸುತ್ತಿದ್ದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳು ಯಾವ ದಿಕ್ಕಿಗೆ ಬೆಳೆಯುತ್ತಿವೆ, ಬೆಳೆದ ಕಡೆ ಬೀದಿಗೆ ಬೀದಿ ಕೂಡಿಕೊಳ್ಳುತ್ತಿದೆಯೋ ಇಲ್ಲವೋ ಎಂದು ನಕ್ಷೆ ಮಾಡಿಕೊಡುವ ಕೆಲಸವನ್ನು ಬೆಂಗಳೂರಿನ ನಮ್ಮ ಕಚೇರಿ ಒಪ್ಪಿಕೊಂಡಿತ್ತು. ನಾಲ್ವರಿಗೆ ಒಂದೊಂದು ಊರು ಹಂಚಿದರು. ಉಳಿದ ಮೂವರು ಮನೆಯಿಂದಲೇ ಹೋಗಿಬಂದು ಮಾಡುತ್ತೇವೆ ಅಂದರು. ನನಗೆ ಬೆಂಗಳೂರಿನಲ್ಲಿ ಸಂಜೆ ಕಾಯುವವರು ಯಾರೂ ಇರಲಿಲ್ಲ. ಕನಕಪುರದ ಬಸ್ ನಿಲ್ದಾಣದ ಹಿಂದೆ ಒಂದು ರೂಮು ಹಿಡಿದು ಅಲ್ಲೇ ಉಳಿದುಕೊಂಡೆ.

ಕೆಲಸದ ಕ್ರಮ ಹೀಗೆ. ಉಪಗ್ರಹದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು ಪ್ರತಿ ರಸ್ತೆಯ ಮಧ್ಯದಲ್ಲಿ ಒಂದು ಗೆರೆ ಎಳೆಯಬೇಕು. ಮೂರು ಅಥವಾ ಅದಕ್ಕಿಂತ ಹೆಚ್ಚು ಗೆರೆಗಳು ಸೇರುವ ಕಡೆ ಹಸಿರು ಚುಕ್ಕೆ. ಎಲ್ಲಿಗೂ ಸೇರದೆ ನಿಂತುಹೋದ ಗೆರೆಯ ತುದಿಗೆ ಕೆಂಪು ಚುಕ್ಕೆ. ಗೆರೆಗಳ ಸಂಖ್ಯೆಯನ್ನು ಚುಕ್ಕೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅದು ದೊಡ್ಡದಾದಷ್ಟೂ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಜನರಿಗೆ ಹೆಚ್ಚು ದಾರಿಗಳಿವೆ ಎಂದು ಅರ್ಥ. ಕನಕಪುರದ ಹಳೇ ಪೇಟೆಯಲ್ಲಿ ಒಂದು ಓಣಿ ಇನ್ನೊಂದಕ್ಕೆ ಬಾಯಿ ತೆರೆದುಕೊಂಡೇ ಇತ್ತು. ದಾರಿ ತಪ್ಪಿದರೂ ಎಲ್ಲೋ ಒಂದು ಕಡೆ ಹೊರಗೆ ಬೀಳುತ್ತಿದ್ದೆ. ಪೇಟೆ ದಾಟಿ ಹೊಸ ಬಡಾವಣೆಗಳ ಕಡೆ ಬಂದ ಹಾಗೆ ಅಂಕಿ ಇಳಿಯುತ್ತ ಹೋಯಿತು. ರಾಗಿ ಹೊಲ ಮಾರಿದವರದ್ದು ಒಂದು ಬಡಾವಣೆ, ಹಿಪ್ಪುನೇರಳೆ ತೋಟ ಮಾರಿದವರದ್ದು ಪಕ್ಕದಲ್ಲಿ ಇನ್ನೊಂದು. ಎರಡಕ್ಕೂ ಮೇನ್ ರೋಡಿಗೆ ಒಂದೊಂದೇ ಬಾಯಿ, ನಡುವೆ ಗೋಡೆ. ಈ ಮನೆಯ ಮಿಕ್ಸಿ ಸದ್ದು ಆ ಮನೆಗೆ ಕೇಳಿಸುತ್ತದೆ, ಆದರೆ ಒಂದು ಬಟ್ಟಲು ಸಕ್ಕರೆ ತರಬೇಕಾದರೆ ಮೇನ್ ರೋಡಿಗೆ ಹೋಗಿ ಸುತ್ತಿಕೊಂಡು ಬರಬೇಕು.

ಗೆರೆ ಎಳೆಯುವುದು ಕೂತು ಮಾಡುವ ಕೆಲಸ. ಕಷ್ಟವಿದ್ದದ್ದು ಆಮೇಲೆ. ಪ್ರತಿ ಕೆಂಪು ಚುಕ್ಕೆಯ ತನಕ ನಡೆದುಹೋಗಿ, ಅದು ನಿಜವಾಗಿಯೂ ಕೊನೆಯೇ ಎಂದು ನೋಡಿ, ಫೋನಿನಲ್ಲಿ ಗುರುತು ಹಾಕಿ, ಬಂದ ದಾರಿಯಲ್ಲೇ ವಾಪಸು ಬರಬೇಕು. ಹೋಗುವಾಗ ಗೇಟಿನಿಂದ ನೋಡಿದವರು ಬರುವಾಗಲೂ ನೋಡುತ್ತಿದ್ದರು. “ಯಾವ್ ಬ್ಯಾಂಕಿನೋರು?” ಅಂತ ಕೆಲವರು, “ಸೈಟ್ ನೋಡಕ್ ಬಂದ್ರಾ ಮೇಡಂ, ಕಾರ್ನರ್ ಐತೆ” ಅಂತ ಕೆಲವರು. ಯಾರ ಮನೆಗೂ ಬಂದವಳಲ್ಲ, ಯಾವ ಕಡೆಗೂ ಹೋಗುವವಳಲ್ಲ ಎಂದು ನಾಯಿಗಳಿಗೆ ಮಾತ್ರ ಬೇಗ ಗೊತ್ತಾಗುತ್ತಿತ್ತು. ಅವು ಗೋಡೆಯ ತನಕ ಬಂದು ನನ್ನನ್ನು ಬಿಟ್ಟು ಹೋಗುತ್ತಿದ್ದವು. ಮೆಸ್ಸಿನಲ್ಲಿ ಮೊಸರನ್ನ ಹೇಳಿದ್ದನ್ನು ಬಿಟ್ಟರೆ ಇಡೀ ದಿನ ಬೇರೆ ಮಾತಿಲ್ಲದೆ ಕಳೆದದ್ದೂ ಉಂಟು. ನನಗೆ ತುಂಬಾ ಬೇಜಾರಾಗುತ್ತಿತ್ತು. ಒಂಟಿಯಾಗಿ ಇರುವುದು ನನಗೆ ಹೊಸದಲ್ಲ, ಅದು ಅಭ್ಯಾಸವಾಗಿದೆ ಅಂತ ತಿಳಿದುಕೊಂಡಿದ್ದೆ. ದಿನವೂ ಗೋಡೆಯ ಮುಂದೆ ನಿಂತು ತಿರುಗಿ ಬರುವ ಕೆಲಸ ಸಿಕ್ಕಿದ ಮೇಲೆ ಆಗಿಲ್ಲ ಅಂತ ಗೊತ್ತಾಯಿತು.

ಪ್ರತಿ ಕೊನೆಯಲ್ಲೂ ಯಾರಾದರೂ ಸಿಕ್ಕರೆ ನನ್ನದು ಒಂದೇ ಪ್ರಶ್ನೆ. “ಇಲ್ಲಿಂದ ಮುಂದಕ್ಕೆ ರೋಡಿದೆಯಾ?” ಉತ್ತರವೂ ಒಂದೇ. “ಇಲ್ಲ ಕಣಮ್ಮ, ರೋಡಿಲ್ಲ.” ಚಿತ್ರದಲ್ಲೂ ಇಲ್ಲ, ಬಾಯಲ್ಲೂ ಇಲ್ಲ. ಕೆಂಪು ಚುಕ್ಕೆ ಖಾಯಂ ಆಗುತ್ತಿತ್ತು.

ರಾಮನಗರದ ರಸ್ತೆಯ ಕಡೆ ಒಂದು ಬಡಾವಣೆಗೆ ಹೋದ ದಿನ ಇದು ತಲೆಕೆಳಗಾಯಿತು. ಆ ಬಡಾವಣೆಯ ಹಿಂದೆ ಒಂದು ಹಿಪ್ಪುನೇರಳೆ ತೋಟ, ತೋಟದ ಆಚೆ ರೇಷ್ಮೆ ನೂಲು ತೆಗೆಯುವ ಮುಸ್ಲಿಂ ಮನೆಗಳ ಹಳೇ ಬೀದಿ. ಬಡಾವಣೆಗೂ ತೋಟಕ್ಕೂ ನಡುವೆ ನಮ್ಮ ಕಡೆ ಎಲ್ಲಾ ಇರುವ ಹಾಗೆ ಸಾಲಾಗಿ ನಿಲ್ಲಿಸಿದ ಕಲ್ಲು ಚಪ್ಪಡಿಗಳ ಬೇಲಿ. ಅಲ್ಲೊಬ್ಬಳು ಹೆಂಗಸು ಮನೆಮನೆಯಿಂದ ಸೀರೆ ಇಸಿದುಕೊಂಡು ಬರುತ್ತಿದ್ದಳು. ಸೆರಗಿಗೆ ಕುಚ್ಚು ಕಟ್ಟಿಕೊಡುವುದು ಆಕೆಯ ಕಸುಬು. ಮನೆ ಆಚೆಯ ಆ ನೂಲಿನ ಬೀದಿಯಲ್ಲಿ. ನನ್ನ ಪ್ರಶ್ನೆ ಕೇಳಿದೆ.

“ಇಲ್ಲಾ ಅಮ್ಮ, ರೋಡ್ ಇಲ್ಲಾ. ಮೇನ್ ರೋಡ್‌ಗೆ ಹೋಗಿ ಸುತ್ಕೊಂಡು ಬರ್ಬೇಕು ನೀವು,” ಅಂದಳು.

ಗುರುತು ಹಾಕಿಕೊಂಡು ಸ್ಕೂಟರ್ ಹತ್ತಿದೆ. ಮೇನ್ ರೋಡಿನಲ್ಲಿ ಕಲ್ಲು ಹೊತ್ತ ಲಾರಿಯ ಹಿಂದೆ ಸಿಕ್ಕಿಕೊಂಡು ಧೂಳು ಕುಡಿದು, ಪೇಟೆ ಸುತ್ತಿ, ನೂಲಿನ ಬೀದಿಗೆ ಬಂದರೆ ಅದೇ ಹೆಂಗಸು ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕುಚ್ಚು ಕಟ್ಟುತ್ತಿದ್ದಳು. ಅರ್ಧ ಸೆರಗು ಮುಗಿದಿತ್ತು.

“ನೀವು ಆ ಕಡೆ ಇದ್ರಲ್ಲ! ಹೇಗೆ ಬಂದ್ರಿ?”

“ದಾರೀಲಿ ಬಂದೆ ಅಮ್ಮ.”

“ರೋಡಿಲ್ಲ ಅಂದ್ರಿ?”

“ರೋಡ್ ಇಲ್ಲಾ ಅಮ್ಮ. ದಾರಿ ಐತೆ.” ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ ನನ್ನನ್ನು ಸಮಾಧಾನದಿಂದ ನೋಡಿದಳು. “ನೀವು ಸ್ಕೂಟರ್ ಮೇಲೆ ಬಂದ್ರಿ, ರೋಡ್ ಕೇಳಿದ್ರಿ. ನಾ ಸುಳ್ಳ್ ಹೇಳಿಲ್ಲ.”

ಮೊದಲು ಸಿಟ್ಟು ಬಂತು. ಆಮೇಲೆ ನಕ್ಕೆ. ಕನಕಪುರಕ್ಕೆ ಬಂದ ಮೇಲೆ ನಾನು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ನಗು ಮುಗಿದ ಮೇಲೆ ಫೋನು ತೆಗೆದು ನಕ್ಷೆ ನೋಡಿದೆ. ಅಷ್ಟು ವಾರಗಳಿಂದ ನಾನು ಗಟ್ಟಿ ಮಾಡಿಕೊಂಡು ಬಂದ ಕೆಂಪು ಚುಕ್ಕೆಗಳೆಲ್ಲ ಈಗ ಅನುಮಾನವೇ. ಈ ಊರಿನಲ್ಲಿ ರೋಡು ಅಂದರೆ ಟಾರು, ವಾಹನ. ಕಾಲಿಗೆ ಇರುವುದು ದಾರಿ. ನಾನು ಒಂದನ್ನು ಕೇಳಿ ಇನ್ನೊಂದರ ಲೆಕ್ಕ ಬರೆದುಕೊಂಡಿದ್ದೆ.

“ಆ ದಾರಿ ತೋರಿಸ್ತೀರಾ?” ಅಂದೆ. ಆಕೆ ಸೀರೆ ಮಡಚಿಟ್ಟು ಎದ್ದಳು.

ಬೀದಿಯ ಕೊನೆಯಲ್ಲಿ ತೋಟಕ್ಕೆ ಮುಳ್ಳಿನ ಬೇಲಿ, ಅದರಲ್ಲೊಂದು ಸಂದು. ನಾನು ಕಾಲಿಡಲು ಹೋದೆ. ಕುಚ್ಚಿನಾಕೆ ನನ್ನ ತೋಳು ಹಿಡಿದು ನಿಲ್ಲಿಸಿದಳು. ತೋಟದ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂಗಿದಳು.

“ಬತ್ತೀನಿ ಕಣಕ್ಕಾ!”

ಗಿಡಗಳ ನಡುವಿನಿಂದ ಉತ್ತರ ಬಂತು. “ಬಾರವ್ವಾ!”

ಆಮೇಲೆಯೇ ಒಳಗೆ ಕಾಲಿಟ್ಟದ್ದು. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಜಾಗ. ಆ ತುದಿಯಲ್ಲಿ ಬೇಲಿಯ ಒಂದೇ ಒಂದು ಚಪ್ಪಡಿ ಇರಲಿಲ್ಲ. ಮೈ ಓರೆ ಮಾಡಿದರೆ ಬಡಾವಣೆಯೊಳಗೆ ನುಸುಳಬಹುದು. ಆಕಾಶದಿಂದ ತೆಗೆದ ಚಿತ್ರದಲ್ಲಿ ಇದು ಕಾಣುವ ಮಾತೇ ಇಲ್ಲ. ಒಂದು ಚಪ್ಪಡಿ ಬಿಟ್ಟಿದ್ದರಿಂದ ಆ ಬೀದಿಯ ಹೆಂಗಸರು ಬಡಾವಣೆಯ ಮನೆಕೆಲಸಕ್ಕೆ, ಬಡಾವಣೆಯ ಮಕ್ಕಳು ಈಚೆಯ ಶಾಲೆಗೆ, ಎರಡೂ ಕಡೆಯವರು ಒಂದೇ ಅಂಗಡಿಗೆ ಓಡಾಡುತ್ತಿದ್ದರು.

ತೋಟದ ಒಡತಿ ಸೊಪ್ಪಿನ ಹೊರೆ ಇಳಿಸಿ ನನ್ನ ಕೈಯ ಫೋನನ್ನು ನೋಡಿದಳು. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಈ ಬಡಾವಣೆಯ ಜಾಗವೆಲ್ಲ ಒಂದು ಕಾಲಕ್ಕೆ ಆಕೆಯ ಗಂಡನ ಮನೆಯವರದ್ದೇ. ಮೈದುನಂದಿರು ತಮ್ಮ ಭಾಗ ಮಾರಿಕೊಂಡು ಹೋದರು. ಗಂಡ ತೀರಿಕೊಂಡಿದ್ದರೂ ಈಕೆ ಮಾತ್ರ ಸಹಿ ಹಾಕಲಿಲ್ಲ. ರೇಷ್ಮೆಹುಳ ಸಾಕುವ ಮನೆಯ ಪಕ್ಕದ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು.

“ಇದ್ಯಾರು, ಫೋನ್ ಇಡ್ಕಂಡು?”

“ಸರ್ವೆಯೋರಂತೆ ಅಕ್ಕ,” ಅಂದಳು ಕುಚ್ಚಿನಾಕೆ.

“ಸರ್ವೆನಾ? ಅಂಗಾದ್ರೆ ಅಲ್ಲೇ ನಿಂತ್ಕಳಿ. ಇವತ್ ಗೆರೆ ಎಳ್ಕಂಡ್ ಓಯ್ತೀರಾ, ನಾಳೆ ಜೆಸಿಬಿ ಬತ್ತದೆ.”

“ಎಲ್ಲಾರೂ ಓಡಾಡ್ತಾರಲ್ಲ ಅಕ್ಕಾ, ಇದು ದಾರಿ ತಾನೇ?” ಅಂದೆ.

“ಓಡಾಡ್ತಾರೆ. ನನ್ನ ಕೇಳ್ಕಂಡ್ ಓಡಾಡ್ತಾರೆ. ಕೇಳ್ಕಂಡ್ ಓಗದು ದಾರಿ ಕಣವ್ವ, ಕೇಳ್ದೆ ಓಗದು ರೋಡು. ನನ್ ತೋಟದಾಗೆ ರೋಡಿಲ್ಲ. ಅಂಗಂತ ಬರ್ಕೊ.”

ಬರೆದುಕೊಳ್ಳಲಿಲ್ಲ. ರೂಮಿಗೆ ಬಂದು ಕಂದಾಯದ ಹಳೇ ಗ್ರಾಮ ನಕಾಶೆಯನ್ನು ಚಿತ್ರದ ಮೇಲೆ ಹಾಸಿ ನೋಡಿದೆ. ಅದರಲ್ಲಿ ಚುಕ್ಕೆ ಚುಕ್ಕೆಯಾಗಿ ಎಳೆದ ಕಾಲುದಾರಿ, ಬಂಡಿದಾರಿಗಳಿಗೆ ‘ನಕಾಶೆ ಕಂಡ ದಾರಿ’ ಅನ್ನುತ್ತಾರೆ. ಅಂಥ ದಾರಿಯನ್ನು ಯಾರೂ ಮುಚ್ಚುವ ಹಾಗಿಲ್ಲ. ಅಕ್ಕನ ತೋಟದಲ್ಲಿ ಅಂಥ ಗೆರೆ ಇರಲಿಲ್ಲ. ಆಕೆ ಹೇಳಿದ್ದು ನಿಜ. ಬರೀ ಆಕೆಯ ಮನಸ್ಸಿನಿಂದ ಆ ದಾರಿ ಇತ್ತು.

ಬೆಂಗಳೂರಿನ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರಿಗೆ ಖುಷಿಯೋ ಖುಷಿ. “ಎಂಥ ಲಿಂಕ್ ಕಣ್ರೀ ಅದು! ಎಳೀರಿ ಗೆರೆ. ಮುಂದೆ ಮೂವತ್ತಡಿ ರೋಡು ಅಂತ ಪ್ಲಾನಿಗೆ ಸೇರಿಸಬಹುದು.”

“ಖಾಸಗಿ ಜಮೀನು ಸರ್.”

“ಜನ ಓಡಾಡ್ತಾರೋ ಇಲ್ವೋ?”

“ಕೇಳ್ಕೊಂಡು ಓಡಾಡ್ತಾರೆ.”

“ಸಾಫ್ಟ್‌ವೇರಲ್ಲಿ ‘ಕೇಳ್ಕೊಂಡು’ ಅನ್ನೋ ಕಾಲಂ ಇಲ್ಲ ಕಣ್ರೀ. ಗೆರೆ ಇದ್ರೆ ಇದೆ, ಇಲ್ದಿದ್ರೆ ಇಲ್ಲ.”

ಗೆರೆ ಎಳೆದರೆ ತೋಟದ ನಡುವೆ ಮೂವತ್ತಡಿ ಹೋಗುತ್ತದೆ. ಉಳಿದ ಚೂರಿನಲ್ಲಿ ಹುಳ ಸಾಕುವಷ್ಟು ಸೊಪ್ಪು ಬರುವುದಿಲ್ಲ. ಹಾಗಾದರೆ ಎಳೆಯದೆ ಬಿಟ್ಟರಾಯಿತು ಅಂದುಕೊಂಡು ಬಡಾವಣೆಯ ಸಂಘದ ಅಧ್ಯಕ್ಷರನ್ನು ಕಂಡೆ. ನಿವೃತ್ತ ಅಧಿಕಾರಿ, ಕಾಫಿ ಕೊಟ್ಟು ಚೆನ್ನಾಗಿ ಮಾತಾಡಿಸಿದರು. ರಸ್ತೆಯ ಕೊನೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಅದನ್ನೇ ಸಂಘದ ಕಚೇರಿ ಮಾಡಿಕೊಂಡಿದ್ದರು.

“ಆ ಒಂದು ಚಪ್ಪಡಿ ನಿಲ್ಲಿಸಬೇಕು ಅಂತ ಬಹಳ ದಿನದಿಂದ ಇದೆ. ಯಾರು ಯಾರೋ ಒಳಗೆ ಬರುತ್ತಾರೆ ನೋಡಿ. ನಿಮ್ಮ ನಕ್ಷೆಯಲ್ಲಿ ಅಲ್ಲಿ ದಾರಿ ಇಲ್ಲ ಅಂತ ಬಂದುಬಿಟ್ಟರೆ ನಾಳೆಯೇ ಮುಚ್ಚಿಸುತ್ತೇನೆ,” ಅಂದರು. ‘ಯಾರು ಯಾರೋ’ ಅನ್ನುವಾಗ ನೂಲಿನ ಬೀದಿಯ ಕಡೆ ಕೈ ತೋರಿಸಿದರು. ಕಾಫಿ ಅರ್ಧಕ್ಕೇ ಬಿಟ್ಟು ಬಂದೆ.

ಎಳೆದರೆ ಅಕ್ಕನ ತೋಟ ಹೋಗುತ್ತದೆ, ಎಳೆಯದಿದ್ದರೆ ಎರಡು ಕಡೆಯ ಜನರ ದಾರಿ. ಇದನ್ನು ಕೂತು ಮಾತಾಡಲು ನನಗೆ ಒಬ್ಬರೂ ಇರಲಿಲ್ಲ. ಉಳಿದ ಊರುಗಳ ಕೆಂಪು ಚುಕ್ಕೆಗಳನ್ನು ಹೊಸ ಪ್ರಶ್ನೆಯೊಂದಿಗೆ ಮತ್ತೆ ಕೇಳಬೇಕು ಎಂದು ನಮ್ಮ ಕಚೇರಿಯ ಆ ಮೂವರಿಗೂ ತಿಳಿಸಿದೆ. ಒಬ್ಬರು ಕೈಮುಗಿಯುವ ಚಿತ್ರ ಕಳಿಸಿದರು, ಇಬ್ಬರು ಸುಮ್ಮನಾದರು. ನಾನು ಮಾತ್ರ ಊರಿಡೀ ಎರಡನೇ ಸಲ ನಡೆದೆ. “ದಾರಿ ಇದೆಯಾ?” ಅಂದರೆ ಜನ ತಲೆಯೆತ್ತಿ ನೋಡುತ್ತಿದ್ದರು. ಮುರಿದ ಗೋಡೆ, ಖಾಲಿ ಸೈಟು, ದೇವಸ್ಥಾನದ ಹಿತ್ತಲು ತೋರಿಸುತ್ತಿದ್ದರು. ನಕ್ಷೆ ಬದಲಾಗುತ್ತ ಹೋಯಿತು. ಆ ತೋಟದ ಜಾಗ ಮಾತ್ರ ಖಾಲಿಯಾಗಿಯೇ ಇತ್ತು.

ಒಂದು ಮಧ್ಯಾಹ್ನ ಮತ್ತೆ ಆ ಬೇಲಿಯ ಹತ್ತಿರ ನಿಂತೆ. ಕೂಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಒಳಗಿನಿಂದ ಅಕ್ಕನೇ ಕೂಗಿದಳು. “ಉಳ ಅಣ್ಣಾಗ್ಬುಟ್ಟವೆ, ಬರ್ರೋ!”

ಹುಳ ಹಣ್ಣಾಗುವುದು ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಬೆಳ್ಳಗೆ ತೆಳ್ಳಗಾಗಿ, ಗೂಡು ಕಟ್ಟಲು ತಲೆ ಎತ್ತಿ ಹುಡುಕುವುದು. ಆ ಹೊತ್ತಿಗೆ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ನೂಲು ಸಿಕ್ಕ ಸಿಕ್ಕ ಕಡೆ ಬಿಟ್ಟು ಹಾಳಾಗುತ್ತವೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬೀದಿಯ ಕಡೆಯಿಂದ ಕುಚ್ಚಿನಾಕೆ ನೆರೆಯವರನ್ನು ಕರೆದುಕೊಂಡು ಬಂದಳು. ಚಪ್ಪಡಿಯ ಸಂದಿನಿಂದ ಬಡಾವಣೆಯ ಹೆಂಗಸರು ಇಬ್ಬರು ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು ಬಂದರು. ಪ್ರತಿಯೊಬ್ಬರೂ ಕೂಗಿಯೇ ಒಳಗೆ ಬಂದದ್ದು, ಪ್ರತಿಯೊಬ್ಬರಿಗೂ ಅಕ್ಕ ಉತ್ತರ ಕೊಟ್ಟಳು. ನಾನು ಬೇಲಿಯ ಹೊರಗೆ ನಿಂತದ್ದು ನೋಡಿ, “ನಿಂತ್ಕಂಡ್ ಏನ್ ಅಳತೆ ಮಾಡ್ತಿದ್ದೀಯವ್ವ, ಕೈ ತೊಳ್ಕಂಡ್ ಬಾ,” ಅಂದಳು.

ಸಂಜೆಯವರೆಗೆ ಹುಳ ಆರಿಸಿದೆ. ತಣ್ಣಗಿನ, ಮೆತ್ತಗಿನ ಹುಳ ಅಂಗೈಯಲ್ಲಿ ತಲೆಯಾಡಿಸುತ್ತಿತ್ತು. ಯಾವ ಬ್ಯಾಂಕು ಅಂತ ಯಾರೂ ಕೇಳಲಿಲ್ಲ. ಬಡಾವಣೆಯ ಹೆಂಗಸು ಕುಚ್ಚಿನಾಕೆಯನ್ನು ತನ್ನ ಸೀರೆ ಯಾವಾಗ ಕೊಡುತ್ತೀಯ ಅಂತ ರೇಗಿಸುತ್ತಿದ್ದಳು. ಅಕ್ಕ ಎಲ್ಲರಿಗೂ ಬೆಲ್ಲದ ಟೀ ಕೊಟ್ಟಳು. ನನಗೆ ಲೋಟ ಕೊಡುವಾಗ, “ನೋಡ್ಕಂಡ್ಯಾ, ನಂಗ್ಯಾಕೆ ದಾರಿ ಬೇಕು ಅಂತ. ತೋಟ ಓದ್ರೆ ಉಳ ಇಲ್ಲ. ದಾರಿ ಓದ್ರೆ ಕೈ ಇಲ್ಲ,” ಅಂದಳು.

ತುಂಬಿದ ಚಂದ್ರಿಕೆಗಳನ್ನು ಎತ್ತಿಕೊಂಡು ಹೋಗಿ ಗಾಳಿಯಾಡುವ ಕಡೆ ಚಪ್ಪಡಿಗಳಿಗೆ ಒರಗಿಸುವಾಗ ನನ್ನ ಕಣ್ಣಿಗೆ ಒಂದು ವಿದ್ಯುತ್ ಕಂಬ ಬಿತ್ತು. ಬಡಾವಣೆಯ ಕಂಬಗಳ ಸಾಲಿನದೇ, ಆದರೆ ಸಂಘದ ಶೆಡ್ಡಿಗಿಂತಲೂ ಈಚೆಗೆ, ತೋಟದ ಹೊರಗೆ, ಮೋರಿಯ ಪಕ್ಕದ ಪಾಳು ಜಾಗದಲ್ಲಿ ನಿಂತಿತ್ತು. ರಸ್ತೆ ಮುಗಿದ ಮೇಲೆ ಕಂಬ ಯಾಕೆ? ಕೈ ಒರೆಸಿಕೊಂಡು ಹೋಗಿ ನೋಡಿದೆ. ಬಡಾವಣೆಯ ಚರಂಡಿಯೂ ಶೆಡ್ಡಿನ ಕೆಳಗಿನಿಂದ ನುಸುಳಿ ಈ ಮೋರಿಗೆ ಬಂದು ಬೀಳುತ್ತಿತ್ತು. ಮರುದಿನ ಟೇಪು ಹಿಡಿದು ಅಳೆದೆ. ಶೆಡ್ಡಿನ ಅಗಲ ರಸ್ತೆಯ ಅಗಲಕ್ಕೆ ಸರಿಯಾಗಿತ್ತು. ಶೆಡ್ಡು ನಿಂತದ್ದು ರಸ್ತೆಯ ಮೇಲೆಯೇ. ಅದರಾಚೆಯ ಪಾಳು, ಮೋರಿಯ ಗುಂಟ ಹೋಗಿ ನೂಲಿನ ಬೀದಿಯನ್ನೇ ಮುಟ್ಟುತ್ತಿತ್ತು. ವಿಚಾರಿಸಿದರೆ ಅದು ಸರ್ಕಾರಿ ಖರಾಬು, ಯಾರ ಹೆಸರಿನಲ್ಲೂ ಇಲ್ಲ. ಬಡಾವಣೆಗೆ ಮಂಜೂರಾದ ನಕ್ಷೆಯಲ್ಲೂ ರಸ್ತೆ ಗಡಿಯ ತನಕ ಇತ್ತು.

ಮುಂದೆ ತೆರೆಯಬೇಕಾದ ರೋಡು ಅಂತ ಗೆರೆಯನ್ನು ಅಲ್ಲಿ ಎಳೆದೆ, ತೆರೆಯುವ ತನಕ ಕೆಂಪು ಚುಕ್ಕೆ ಹಾಗೇ ಬಿಟ್ಟೆ. ತೋಟದ ಒಂದು ಗಿಡಕ್ಕೂ ತಾಗದ ಹಾಗೆ, ಶೆಡ್ಡಿನ ನಡುವಿನಿಂದ. ಅಕ್ಕನ ಬದುವಿನ ಮೇಲೆ ಏನೂ ಎಳೆಯಲಿಲ್ಲ. ಅಧ್ಯಕ್ಷರು ಫೋನಿನಲ್ಲಿ ನನ್ನ ಕೆಲಸ, ಓದು, ಸಂಸ್ಕಾರ ಎಲ್ಲವನ್ನೂ ವಿಚಾರಿಸಿಕೊಂಡರು. ನಮ್ಮ ಮುಖ್ಯಸ್ಥರು ಒಂದಿಷ್ಟು ಗೊಣಗಿದರು. “ಇರೋ ದಾರಿ ಬಿಟ್ಟು ಇಲ್ಲದ ರೋಡು ಬರೆದಿದ್ದೀರಲ್ಲ?” ಅಂದರು. “ಇಲ್ಲದ್ದಲ್ಲ ಸರ್, ಮುಚ್ಚಿದ್ದು,” ಅಂದೆ. ರೋಡು ತೆರೆದರೆ ಅಂಕಿ ಹೇಗೂ ಏರುತ್ತದೆ ಅಂತ ಒಪ್ಪಿಕೊಂಡರು.

ಕನಕಪುರ ಬಿಡುವ ಮುಂಚೆ ಅಕ್ಕನಿಗೆ ಹೇಳಿ ಹೋಗಲು ಬಂದೆ. “ನಿಮ್ಮ ತೋಟಕ್ಕೆ ಗೆರೆ ಬೀಳಲಿಲ್ಲ ಅಕ್ಕಾ.” ಆಕೆ ಸೊಪ್ಪು ಕೊಯ್ಯುತ್ತಲೇ, “ಒಳ್ಳೇದಾಯ್ತು ಬುಡು. ಮುಂದ್ಲ ಬೆಳೆಗೂ ಬಾ, ಒಸಿ ಕೈ ಕೊಟ್ಟಂಗಾಯ್ತದೆ,” ಅಂದಳು. ಬತ್ತೀನಿ ಅಂದೆ. ಆ ಊರಿನಲ್ಲಿ ನನ್ನನ್ನು ಮತ್ತೆ ಬಾ ಅಂದವಳು ಆಕೆಯೊಬ್ಬಳೇ.

ಮುಂದಿನ ಬೆಳೆಗೆ ಹೋಗಲಾಗಲಿಲ್ಲ. ಅದರ ಮುಂದಿನದಕ್ಕೂ ಆಗಲಿಲ್ಲ. ಬೇರೆ ಊರು, ಬೇರೆ ಗೋಡೆಗಳು. ಹೋದ ಸಲ ಹೊಸ ಉಪಗ್ರಹ ಚಿತ್ರ ಬಂದಾಗ ನಮ್ಮ ಹಳೇ ನಕ್ಷೆಯ ಮೇಲಿಟ್ಟು ನೋಡಿದೆ. ಶೆಡ್ಡು ಇರಲಿಲ್ಲ. ಅಲ್ಲಿಂದ ಮೋರಿಯ ಗುಂಟ ಬಿಳಿಯ ಗೆರೆಯೊಂದು ನೂಲಿನ ಬೀದಿಗೆ ಸೇರಿತ್ತು. ಕೆಂಪು ಚುಕ್ಕೆ ಅಳಿಸಿ ಹಸಿರು ಹಾಕುವಾಗ ನನಗೆ ಹೆಮ್ಮೆಯಾಯಿತು. ಕಣ್ಣಾರೆ ನೋಡಬೇಕು ಅಂತ ಬಸ್ಸು ಹತ್ತಿ ಕನಕಪುರಕ್ಕೆ ಹೋದೆ.

ಜಲ್ಲಿ ಹಾಸಿದ ಹೊಸ ರಸ್ತೆ. ಆಟೋ, ಸ್ಕೂಟರು, ಶಾಲೆಯ ವ್ಯಾನು. ಎದುರಿಗೆ ಕುಚ್ಚಿನಾಕೆ ಮಗನ ಬೈಕಿನ ಹಿಂದೆ ಸೀರೆಯ ಗಂಟು ಹಿಡಿದು ಕೂತು ಬಂದವಳು ನನ್ನನ್ನು ನೋಡಿ ಗುರುತು ಹಿಡಿದಳು. “ಈಗ ರೋಡ್ ಐತೆ ಅಮ್ಮ!” ಅಂತ ನಕ್ಕಳು.

“ಅಕ್ಕನ ಕಡೆ ಹೋಗ್ತೀರಾ?”

“ಎಲ್ಲಿ ಅಮ್ಮ, ಟೈಮೇ ಆಗಲ್ಲ. ಸುಂಯ್ ಅಂತ ರೋಡಲ್ಲೇ ಹೋಗ್ಬಿಡ್ತೀನಿ.” ಬೈಕು ಮುಂದೆ ಹೋಯಿತು.

ಬಡಾವಣೆಯ ಕಡೆ ಆ ಚಪ್ಪಡಿಯನ್ನು ನಿಲ್ಲಿಸಿಬಿಟ್ಟಿದ್ದರು. ಯಾರಿಗೂ ಬೇಕಾಗಿರಲಿಲ್ಲವಾದ್ದರಿಂದ ಯಾರೂ ಬೇಡ ಅಂದಿರಲಿಲ್ಲ. ಬೀದಿಯ ಕಡೆಯ ಮುಳ್ಳಿನ ಸಂದಿನಲ್ಲಿ ಪಾರ್ಥೇನಿಯಂ ಎದೆಯೆತ್ತರ ಬೆಳೆದಿತ್ತು. ತೋಟ ಇತ್ತು, ಒಂದು ಗಿಡವೂ ಹೋಗಿರಲಿಲ್ಲ. ಹುಳದ ಮನೆಯ ಗೋಡೆಗೆ ಖಾಲಿ ಚಂದ್ರಿಕೆಗಳನ್ನು ಒಂದರ ಮೇಲೊಂದು ಒರಗಿಸಿದ್ದರು. ಆ ಗೆರೆ ತಪ್ಪಾಗಿರಲಿಲ್ಲ, ಇವತ್ತು ಎಳೆಯಬೇಕಾದರೂ ಅಲ್ಲೇ ಎಳೆಯುತ್ತೇನೆ. ಆದರೂ ಅಲ್ಲಿ ನಿಂತು ನನಗೆ ಅಳು ಬಂತು.

ಬೇಲಿಯ ಹತ್ತಿರ ಬಾಯಿಗೆ ಕೈ ಹಿಡಿದು ಕೂಗಿದೆ.

“ಬತ್ತೀನಿ ಕಣಕ್ಕಾ!”

ಉತ್ತರ ಬರಲಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ಸ್ವಲ್ಪ ಹೊತ್ತು ಕಾದು, ಇನ್ನೂ ಗಟ್ಟಿಯಾಗಿ ಮತ್ತೊಮ್ಮೆ ಕೂಗಿದೆ. ಗಿಡಗಳು ಅಲ್ಲಾಡಿದವು. ಅಕ್ಕ ಬಂದು ಪಾರ್ಥೇನಿಯಂ ಗಿಡಗಳನ್ನು ಕಾಲಿನಿಂದ ಮಲಗಿಸಿ, ಮುಳ್ಳಿನ ಕೊಂಬೆಯನ್ನು ಪಕ್ಕಕ್ಕೆ ಎಳೆದಳು. ಕೂದಲು ಬೆಳ್ಳಗಾಗಿತ್ತು.

“ರೋಡಾಯ್ತಲ್ಲವ್ವ, ಅದ್ರಾಗೇ ಓಗದಲ್ವಾ?”

“ಆ ಕಡೆ ಹೋಗಕ್ಕೆ ಬಂದಿಲ್ಲ ಅಕ್ಕಾ. ನಿಮ್ಮನ್ನ ನೋಡಕ್ಕೆ ಬಂದೆ. ಕೂಗಿದ್ದು ಕೇಳಿಸಲಿಲ್ವಾ?”

“ಮೊದ್ಲನೇ ಕಿತ ಕೂಗ್ದಾಗ್ಲೇ ಕೇಳ್ತು,” ಅಂದಳು ಅಕ್ಕ. “ಇನ್ನೊಂದ್ ಕಿತ ಕೂಗ್ಲಿ ಅಂತ ಸುಮ್ಕಿದ್ದೆ. ಬಾರವ್ವಾ.”